ಎಷ್ಟು ದಿನ ಹಿಡಿಯಿತು?

ಸಂತೆಗೆ ಹೋಗುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಮ್ಮನ ಸೆರಗು ಹಿಡಿದು ನಡೆದ ದಿನದಿಂದಲೇ ಅದರ ಶಾಸ್ತ್ರವೆಲ್ಲ ನಮಗೆ ಬಾಯಿಪಾಠ. ಮೊದಲು ಏನೂ ಕೊಳ್ಳದೆ ಒಂದು ಸುತ್ತು ಬರಬೇಕು. ಬೇಕಾದ್ದರ ಮುಂದೆ ನಿಲ್ಲದೆ, ಬೇಡದ್ದರ ಮುಂದೆ ನಿಂತು ಬೆಲೆ ಕೇಳಬೇಕು. ಮಾರುವವಳು ಇಪ್ಪತ್ತು ಎಂದರೆ ನಾವು ಹತ್ತು ಎನ್ನಬೇಕು. ಅವಳು ಹದಿನೆಂಟಕ್ಕೆ ಇಳಿದಾಗ ಮುಖ ತಿರುಗಿಸಿ ನಾಲ್ಕು ಹೆಜ್ಜೆ ನಡೆಯಬೇಕು. ಐದನೆಯ ಹೆಜ್ಜೆಗೆ ಹಿಂದಿನಿಂದ "ಬನ್ನಿ ಅಕ್ಕಾ, ಬೋಣಿ ಹೊತ್ತು" ಎಂಬ ಕೂಗು ಬರುತ್ತದೆ. ಬಾರದಿದ್ದರೆ ಆ ಸೊಪ್ಪಿನ ಋಣ ನಮಗಿರಲಿಲ್ಲ ಎಂದುಕೊಂಡು ಮುಂದಿನ ಗುಡ್ಡೆಯ ಕಡೆಗೆ ನಡೆದರಾಯಿತು. ಕೊನೆಗೆ ಕೊಂಡದ್ದಕ್ಕಿಂತ ಹೆಚ್ಚಾಗಿ, ಕಡಿಮೆ ಮಾಡಿಸಿದ ಎರಡು ರೂಪಾಯಿಯ ಸುದ್ದಿಯನ್ನೇ ಮನೆಗೆ ಹೊತ್ತು ತರುತ್ತೇವೆ. ಅದೊಂದು ಸುಖ. ಇಲ್ಲವೆನ್ನುವವರು ಸಂತೆಗೆ ಹೋದವರಲ್ಲ.

ಇಷ್ಟೆಲ್ಲ ಪಳಗಿದ ನಾಲಿಗೆಯೂ ತಡವರಿಸುವ ಸಂತೆಯೊಂದಿದೆ. ವರ್ಷಕ್ಕೊಮ್ಮೆ, ಬಹುಮಟ್ಟಿಗೆ ಜನವರಿಯ ಮೊದಲ ಭಾನುವಾರ, ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನೆರೆಯುವ ಚಿತ್ರಸಂತೆ. ನಾನು ತುಮಕೂರಿನವಳು. 2011ರಲ್ಲಿ, ಮಗಳ ಶಾಲೆಯ ಡ್ರಾಯಿಂಗ್ ಮೇಷ್ಟ್ರು ತೋರಿಸಿಕೊಂಡು ಬನ್ನಿ ಎಂದರೆಂದು ಅವಳ ಕೈಹಿಡಿದು ಮೊದಲ ಸಲ ಹೋದೆ. ಮಗಳು ದೊಡ್ಡವಳಾದಳು, ಬಣ್ಣದ ಡಬ್ಬಿ ಬಿಟ್ಟು ಲೆಕ್ಕಪತ್ರ ಓದಿದಳು, ಕೆಲಸಕ್ಕೆ ಸೇರಿದಳು. ನಾನು ಮಾತ್ರ ಹೋಗುವುದನ್ನು ಬಿಡಲಿಲ್ಲ. ಜಾತ್ರೆಗೆ ಹರಕೆ ಹೊತ್ತವರ ಹಾಗೆ ಹೋಗುತ್ತಲೇ ಇದ್ದೇನೆ.

ನೋಡದವರಿಗಾಗಿ ಎರಡು ಮಾತು ಹೇಳಬೇಕು. ಇದನ್ನು ನಡೆಸುವುದು ಕರ್ನಾಟಕ ಚಿತ್ರಕಲಾ ಪರಿಷತ್ತು. 1960ರಲ್ಲಿ ಹುಟ್ಟಿದ ಸಂಸ್ಥೆ. ಅದನ್ನು ಕಟ್ಟಿ ಬೆಳೆಸಿದ ಎಂ. ಎಸ್. ನಂಜುಂಡರಾಯರು ತೊಗಲುಗೊಂಬೆಗಳನ್ನು ಹುಡುಕಿ ಹುಡುಕಿ ಕೂಡಿಹಾಕಿದವರು. ಆ ಗೊಂಬೆಗಳನ್ನು ಅಲ್ಲಿನ ಸಂಗ್ರಹಾಲಯದಲ್ಲಿ ನೋಡಬಹುದು. ನಮ್ಮ ನಾಡಿನಲ್ಲೇ ನೆಲೆಸಿದ್ದ ರಷ್ಯಾದ ಕಲಾವಿದ ಸ್ವೆತೋಸ್ಲಾವ್ ರೋರಿಕ್ ಅವರ ಚಿತ್ರಗಳೂ ಅಲ್ಲಿವೆ. ಸಂತೆಯ ದಿನ ಹೊರಗಿನ ರಸ್ತೆಗೆ ವಾಹನ ಬಿಡುವುದಿಲ್ಲ. ಬೆಳಗಾಗುವಷ್ಟರಲ್ಲಿ ರಸ್ತೆಯ ಎರಡು ಬದಿಗೂ, ಮರದ ಬುಡದಲ್ಲಿ, ಕಾಂಪೌಂಡಿನ ಗೋಡೆಗೆ ಆನಿಸಿ ಚಿತ್ರಗಳು ನಿಲ್ಲುತ್ತವೆ. ಸುಮಾರು 1,500 ಕಲಾವಿದರು ಬರುತ್ತಾರೆ. ನಮ್ಮವರು ಮಾತ್ರವಲ್ಲ, ಬೇರೆ ಬೇರೆ ರಾಜ್ಯಗಳವರು. ನೂರು ರೂಪಾಯಿಯ ಚಿತ್ರವೂ ಉಂಟು, ಲಕ್ಷ ದಾಟಿದ್ದೂ ಉಂಟು. ನೋಡಲು ಬರುವ ಜನರಂತೂ ಲಕ್ಷಗಟ್ಟಲೆ. ಪ್ರತಿ ವರ್ಷ ಸಂತೆಯನ್ನು ಯಾರಿಗಾದರೂ ಅರ್ಪಿಸುವುದು ರೂಢಿ. 2020ರಲ್ಲಿ ರೈತರಿಗೆ, 2024ರಲ್ಲಿ ಚಂದ್ರಯಾನದ ವಿಜ್ಞಾನಿಗಳಿಗೆ, 2025ರ ಜನವರಿ 5ರಂದು ನಡೆದ 22ನೆಯ ಸಂತೆಯನ್ನು ಹೆಣ್ಣುಮಗುವಿಗೆ ಅರ್ಪಿಸಿದ್ದರು. "ಮನೆಗೊಂದು ಕಲಾಕೃತಿ" ಎನ್ನುವುದು ಸಂತೆಯ ಘೋಷಣೆ.

ಮನೆಗೊಂದು ಕಲಾಕೃತಿ! ಹೇಳುವುದಕ್ಕೇನೋ ಚೆಂದ. ಆದರೆ ನಮ್ಮಂಥ ಮನೆಗಳಲ್ಲಿ ಯಾವ ಖರ್ಚಿನ ಲೆಕ್ಕಕ್ಕೆ ಅದನ್ನು ಬರೆಯುವುದು? ಬೇಳೆ, ಎಣ್ಣೆ, ಗ್ಯಾಸು, ಹಾಲು, ಔಷಧ, ಮದುವೆ ಮುಯ್ಯಿ, ಇವುಗಳ ನಡುವೆ ಚಿತ್ರಕ್ಕೊಂದು ಗೆರೆಯಿಲ್ಲ. ಅದಕ್ಕೇ ನಾನು ಲೆಕ್ಕದ ಪುಸ್ತಕದ ತಂಟೆಗೆ ಹೋಗದೆ ಸಾಸಿವೆ ಡಬ್ಬಿಯನ್ನು ನಂಬಿದೆ. ನಾನು ಮನೆಯಲ್ಲಿ ಕೂತು ಸೀರೆಗೆ ಕುಚ್ಚು ಕಟ್ಟುವವಳು. ಒಂದೊಂದು ಸೀರೆಯ ದುಡ್ಡಿನಲ್ಲಿ ಇಷ್ಟಿಷ್ಟು ಎತ್ತಿ ಡಬ್ಬಿಗೆ ಹಾಕಿದರೆ ವರ್ಷದ ಕೊನೆಗೆ ಒಂದೂವರೆ ಸಾವಿರವೋ ಎರಡು ಸಾವಿರವೋ ಆಗುತ್ತದೆ. 2023ರ ಜೂನ್ ತಿಂಗಳಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲವೆಂದಾದ ಮೇಲೆ ಹೋಗಿ ಬರುವ ಬಸ್ ಛಾರ್ಜೂ ಅದೇ ಡಬ್ಬಿಗೆ ಬಿತ್ತು. "ಸರ್ಕಾರ ನಿನಗೆ ಚಿತ್ರ ಕೊಡಿಸ್ತಿದೆ ಬಿಡು" ಎಂದು ನಮ್ಮವರು ನಗುತ್ತಾರೆ. ಮಗಳ ಕಾಲೇಜು ಫೀಸಿನ ವರ್ಷ ಡಬ್ಬಿ ಡಿಸೆಂಬರಿಗೆ ಮೊದಲೇ ಬರಿದಾಯಿತು. ಆ ವರ್ಷವೂ ಹೋದೆ. ಬುತ್ತಿ ಕಟ್ಟಿಕೊಂಡು ಹೋಗಿ, ಸಂಜೆಯ ತನಕ ನೋಡಿ, ಬರಿಗೈಯಲ್ಲಿ ಬಂದೆ. ನೋಡುವುದಕ್ಕೆ ಯಾರೂ ದುಡ್ಡು ಕೇಳುವುದಿಲ್ಲವಲ್ಲ.

ನಮ್ಮ ಮನೆಗಳ ಗೋಡೆಗಳನ್ನು ಒಮ್ಮೆ ನೆನೆಸಿಕೊಳ್ಳಿ. ನಡುಮನೆಯಲ್ಲಿ ದೇವರ ಪಟಗಳ ಸಾಲು, ಅದರ ಪಕ್ಕಕ್ಕೆ ತೀರಿಕೊಂಡ ಹಿರಿಯರ ಫೋಟೋ, ಬಾಗಿಲ ಹಿಂದೆ ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾಲೆಂಡರು, ಅಡುಗೆಮನೆಯಲ್ಲಿ ಹಾಲಿನ ಗುರುತು ಹಾಕುವ ಇನ್ನೊಂದು ಕ್ಯಾಲೆಂಡರು. ಆ ದೇವರ ಪಟಗಳೂ ಸುಮ್ಮನೆ ಬಂದವಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚಿನ ಕಾರ್ಖಾನೆ ತೆರೆದು ಲಕ್ಷ್ಮಿ ಸರಸ್ವತಿಯರನ್ನು ಬಣ್ಣದಲ್ಲಿ ಅಚ್ಚು ಹಾಕಿಸಿದ ಮೇಲೆಯೇ ಚಿತ್ರ ಎನ್ನುವುದು ಅರಮನೆಯಿಂದ ಇಳಿದು ನಮ್ಮಂಥವರ ಮನೆಯೊಳಗೆ ಕಾಲಿಟ್ಟಿದ್ದು. ಅದು ದೊಡ್ಡ ಉಪಕಾರವೇ ಸರಿ. ಆದರೆ ಅಚ್ಚಾಗಿ ಬಂದ ಚಿತ್ರದೊಳಗೆ ಬರೆದವರ ಕೈ ನಮಗೆ ಕಾಣದೆ ಹೋಯಿತು.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರವನ್ನು ನೀವೂ ನೋಡಿರುತ್ತೀರಿ. ಬೆರಳ ಸಂದಿಯಿಂದ ಕೆಂಪಗೆ ಬೆಳಕು ತೂರಿ ಬರುವ ಆ ಚಿತ್ರ ಕ್ಯಾಲೆಂಡರಿನಲ್ಲಿ, ಗಡಿಯಾರದ ಹಲಗೆಯಲ್ಲಿ, ಎಲ್ಲೆಲ್ಲೂ ಬಂದಿದೆ. ಕೇಳಿದರೆ ಹತ್ತರಲ್ಲಿ ಎಂಟು ಜನ ರವಿವರ್ಮನದು ಎನ್ನುತ್ತಾರೆ. ಅಲ್ಲ. ಎಸ್. ಎಲ್. ಹಲ್ದಣಕರ್ ಎಂಬವರು 1940ರ ದಶಕದಲ್ಲಿ ಬರೆದ ಜಲವರ್ಣದ ಚಿತ್ರ ಅದು. ದೀಪ ಹಿಡಿದು ಗಂಟೆಗಟ್ಟಲೆ ನಿಂತವಳು ಅವರ ಮಗಳು ಗೀತಾ. ಲಕ್ಷಾಂತರ ಮನೆಗಳನ್ನು ಸೇರಿದ ಚಿತ್ರ. ಆದರೆ ಬರೆದವರ ಹೆಸರು ಯಾರಿಗೂ ಬೇಡ, ಕೈ ಸೋತರೂ ದೀಪ ಇಳಿಸದೆ ನಿಂತ ಹುಡುಗಿಯ ಹೆಸರಂತೂ ಕೇಳುವವರೇ ಇಲ್ಲ. ಚಿತ್ರಸಂತೆಗೆ ಹೋದಾಗಲೆಲ್ಲ ನನಗೆ ಇದೇ ಯೋಚನೆ. ಇಲ್ಲಿ ಚಿತ್ರದ ಪಕ್ಕದಲ್ಲೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅದನ್ನು ಬರೆದವರು ಕೂತಿರುತ್ತಾರೆ. ಉಗುರಿನಲ್ಲಿ ಬಣ್ಣ ಇನ್ನೂ ಇರುತ್ತದೆ. ಬಿಸಿಲಿಗೆ ತಲೆಯ ಮೇಲೆ ಟವೆಲು ಹಾಕಿಕೊಂಡು ಚಿತ್ರಾನ್ನ ತಿನ್ನುತ್ತಿರುತ್ತಾರೆ. ಕಣ್ಣೆದುರಿಗೆ ಮನುಷ್ಯ ಕೂತಿರುವಾಗ ಚೌಕಾಸಿ ಮಾಡುವುದು ಹೇಗೆ? ಮಾಡದೆ ಇರುವುದಾದರೂ ಹೇಗೆ?

ನಾನು ಹೋಗಿ ಹೋಗಿ ಅಲ್ಲಿಗೆ ಬರುವ ಜನರನ್ನು ಬಗೆ ಬಗೆಯಾಗಿ ವಿಂಗಡಿಸಿಟ್ಟುಕೊಂಡಿದ್ದೇನೆ. ಸೋಫಾದ ಬಣ್ಣಕ್ಕೆ ಹೊಂದುವ ಚಿತ್ರ ಹುಡುಕುವವರದು ಒಂದು ಪಂಗಡ. ಇವರು ಮೊಬೈಲಿನಲ್ಲಿ ಸೋಫಾದ ಫೋಟೋ ತಂದಿರುತ್ತಾರೆ. "ಇದೇ ಚಿತ್ರ ನೀಲಿಯಲ್ಲಿ ಇದೆಯಾ?" ಎಂದು ಸೀರೆ ಅಂಗಡಿಯಲ್ಲಿ ಕೇಳುವಂತೆ ಕೇಳುತ್ತಾರೆ. ಚಿತ್ರಕ್ಕೆ ಬೆನ್ನು ತಿರುಗಿಸಿ ನಿಂತು ತಮ್ಮದೇ ಫೋಟೋ ತೆಗೆದುಕೊಳ್ಳುವವರು ಎರಡನೆಯವರು. ಚಿತ್ರದ್ದೇ ಫೋಟೋ ತೆಗೆದುಕೊಂಡು, ಮನೆಯಲ್ಲಿ ಪ್ರಿಂಟ್ ಹಾಕಿಸುತ್ತೇನೆಂದು ಬರೆದವರ ಎದುರಿಗೇ ಹೇಳುವ ಧೈರ್ಯವಂತರು ಮೂರನೆಯವರು. ಇವರ ಕಾಟಕ್ಕೇ ಎಷ್ಟೋ ಕಡೆ "ಫೋಟೋ ತೆಗೆಯಬೇಡಿ" ಎಂಬ ಚೀಟಿ ತೂಗುತ್ತಿರುತ್ತದೆ. "ಇದನ್ನ ನಮ್ಮ ಪುಟ್ಟಿನೂ ಬರೀತಾಳೆ" ಎನ್ನುವ ತಾಯಂದಿರು ನಾಲ್ಕನೆಯವರು. ಇನ್ನೊಂದು ಪಂಗಡ ನನಗೆ ಬಹಳ ಇಷ್ಟ. ಏನನ್ನೂ ಕೇಳದೆ, ಕೈ ಹಿಂದೆ ಕಟ್ಟಿಕೊಂಡು, ಒಂದೇ ಚಿತ್ರದ ಮುಂದೆ ಕಾಲು ನೋಯುವ ತನಕ ನಿಲ್ಲುವವರು. ಅವರಲ್ಲಿ ಬಹಳ ಮಂದಿ ಕೊಳ್ಳಲಾರದವರು. ಕಲಾವಿದರೂ ಅವರನ್ನು ಗುರುತು ಹಿಡಿದು, ಬಿಸಿಲು ಬಿದ್ದರೆ ಛತ್ರಿಯ ನೆರಳಿಗೆ ಕರೆಯುತ್ತಾರೆ.

ಮೈಸೂರು ಶೈಲಿಯ ಚಿತ್ರ ಬರೆಯುವ ಹಿರಿಯರೊಬ್ಬರು ನನ್ನನ್ನು ಹಾಗೆಯೇ ಕರೆದು ಕೂರಿಸಿದ್ದರು. ಹಿಂದಿನವರು ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ರೇಖೆ ಎಳೆಯುತ್ತಿದ್ದರಂತೆ, ಅಳಿಲಿನ ಕೂದಲಿನ ಕುಂಚ ಕಟ್ಟುತ್ತಿದ್ದರಂತೆ. ಬಿಳಿ ಪುಡಿಗೆ ಅಂಟು ಮತ್ತು ರೇವಲ್‌ಚಿನ್ನಿ ಸೇರಿಸಿ ನುಣ್ಣಗೆ ಅರೆದ ಲೇಪಕ್ಕೆ ಗೆಸ್ಸೊ ಎನ್ನುತ್ತಾರೆ. ಒಡವೆ, ಸೀರೆಯ ಅಂಚು, ಮಂಟಪದ ಕಂಬ, ಇಂಥ ಕಡೆಗಳಲ್ಲಿ ಅದನ್ನು ಕೂದಲೆಳೆಯಷ್ಟು ಉಬ್ಬಿಸಿ, ಒಣಗಿದ ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ತಂಜಾವೂರಿನ ಚಿತ್ರದಲ್ಲಿ ಈ ಉಬ್ಬು ದಪ್ಪ, ನಡುನಡುವೆ ಕಲ್ಲು ಕೂರಿಸುವುದೂ ಉಂಟು. ಮೈಸೂರಿನದು ಸಪೂರ, ಬೆರಳಾಡಿಸಿದರೆ ಮಾತ್ರ ತಿಳಿಯುವಂಥದ್ದು. "ಕಣ್ಣು ಬರೆಯುವುದು ಕೊನೆಗೆ ತಾಯಿ. ಆವತ್ತು ಮನೆಯಲ್ಲಿ ಯಾರ ಹತ್ತಿರವೂ ಮಾತಾಡೋದಿಲ್ಲ" ಎಂದರು. ಅವರು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಒಬ್ಬರು ಬಂದು, ಒಂದು ಚಿತ್ರದ ಬೆಲೆ ಕೇಳಿ, "ಅರ್ಧಕ್ಕೆ ಕೊಡ್ತೀರಾ?" ಎಂದರು. ಹಿರಿಯರು ಸಿಟ್ಟಾಗಲಿಲ್ಲ. "ಅರ್ಧ ಬರೆದದ್ದು ಮನೆಯಲ್ಲಿದೆ ಸ್ವಾಮಿ, ಮುಂದಿನ ಸಲ ತರ್ತೀನಿ" ಎಂದರು. ಸುತ್ತ ನಿಂತವರೆಲ್ಲ ನಕ್ಕೆವು, ಕೇಳಿದವರೂ ನಕ್ಕರು. ಆದರೆ ನಗು ಮುಗಿದ ಮೇಲೆ ಹಿರಿಯರು ಮೆತ್ತಗೆ ಇನ್ನೊಂದು ಮಾತು ಹೇಳಿದರು. ಗ್ಯಾಲರಿಗೆ ಕೊಟ್ಟರೆ ಮಾರಿದ ಬೆಲೆಯಲ್ಲಿ ಮೂರನೆಯ ಒಂದು ಪಾಲೋ ಅದಕ್ಕಿಂತ ಹೆಚ್ಚೋ ಅವರಿಗೆ ಹೋಗುತ್ತದೆ. ಇಲ್ಲಿ ನಡುವೆ ಯಾರೂ ಇಲ್ಲ. ವರ್ಷಕ್ಕೆ ಒಂದು ದಿನ, ಕೊಟ್ಟವರ ಕೈಯಿಂದ ನೇರವಾಗಿ ಬರೆದವರ ಕೈಗೆ.

ಆ ಮಾತು ನನಗೆ ಬೇಗ ಅರ್ಥವಾಯಿತು. ಯಾಕೆಂದರೆ ನಾನು ಕುಚ್ಚು ಕಟ್ಟುವವಳು. ಸೀರೆಯ ಸೆರಗಿನ ಎಳೆಗಳನ್ನು ಬಿಡಿಸಿ, ಎಣಿಸಿ, ಗಂಟು ಹಾಕಿ, ಮಣಿ ಪೋಣಿಸಿ, ಕ್ರೋಷಾ ಕಡ್ಡಿಯಲ್ಲಿ ಹೆಣೆದು ಒಂದು ರೇಷ್ಮೆ ಸೀರೆ ಮುಗಿಸುವಷ್ಟರಲ್ಲಿ ಕತ್ತು ಸೆಟೆದುಕೊಳ್ಳುತ್ತದೆ. ಒಂದೂವರೆ ದಿನದ ಕೆಲಸ. ಡಿಸೈನು ಜಾಸ್ತಿಯಾದರೆ ಎರಡು ದಿನ. ತೆಗೆದುಕೊಂಡು ಹೋಗಲು ಬಂದವರು ಸೆರಗನ್ನು ಬೆಳಕಿಗೆ ಹಿಡಿದು "ಚೆನ್ನಾಗಿದೆ ಕಣ್ರೀ" ಎನ್ನುತ್ತಾರೆ. ಎಂಟು ನೂರು ಎಂದ ಕೂಡಲೇ ಅದೇ ಬಾಯಿ "ಅಯ್ಯೋ, ದಾರಕ್ಕೆ ಎಷ್ಟ್ರೀ ಆಗತ್ತೆ? ಅರವತ್ತು ರೂಪಾಯಿ ದಾರ, ನಲವತ್ತು ರೂಪಾಯಿ ಮಣಿ. ಮನೇಲೇ ಕೂತು ಮಾಡ್ತೀರಲ್ಲ" ಎನ್ನುತ್ತದೆ. ಮನೆಯಲ್ಲೇ ಕೂತು ಮಾಡಿದ್ದಕ್ಕೆ ಬೆಲೆ ಕಡಿಮೆ ಎನ್ನುವುದು ಯಾವ ಲೆಕ್ಕವೋ ನನಗೆ ಇಂದಿಗೂ ತಿಳಿದಿಲ್ಲ. ಆ ಲೆಕ್ಕದಲ್ಲಿ ನಮ್ಮ ಅಡುಗೆ, ಹಪ್ಪಳ, ಉಪ್ಪಿನಕಾಯಿ, ಬಾಣಂತನ ಎಲ್ಲವೂ ಬರೀ ದಾರದ ಬೆಲೆಗೆ ಹೋದಂಥವೇ. ಅಂಗಳದ ರಂಗೋಲಿಗಂತೂ ದಾರದ ಬೆಲೆಯೂ ಇಲ್ಲ. ಬೆಳಿಗ್ಗೆ ಹಾಕುತ್ತೇವೆ, ಹಾಲಿನವನ ಸೈಕಲ್ಲು ಅದರ ಮೇಲೆಯೇ ಹೋಗುತ್ತದೆ.

2020ರ ಸಂತೆಗೆ ನಮ್ಮ ಅತ್ತೆ ಬಂದರು. ಅವರು ಸಾಗರದ ಕಡೆಯ ಹಳ್ಳಿಯವರು, ದೀವರ ಮನೆತನ. ನಮ್ಮ ಮಾವನವರು ತೀರಿಕೊಂಡ ಮೇಲೆ ತುಮಕೂರಿಗೆ ಬಂದು ನಮ್ಮ ಜೊತೆಯಲ್ಲಿದ್ದರು. ನಾನು ವರ್ಷ ವರ್ಷ ದುಡ್ಡು ಕೊಟ್ಟು ಚಿತ್ರ ತರುವುದು ಅವರಿಗೆ ಒಂದು ಚೂರೂ ಸೇರುತ್ತಿರಲಿಲ್ಲ. "ಬರೆದ ಗೋಡೆ ಬಿಟ್ಟು ಬಂದೋಳು ನಾನು, ನೀನು ಬರೆದ ಕಾಗದ ತಂದು ಗೋಡೆಗೆ ಹಾಕ್ತೀಯಲ್ಲ ತಂಗಿ" ಎಂದು ಒಮ್ಮೆ ಹೇಳಿದ್ದರು. ಮಾತಿನ ತಲೆಬುಡ ನನಗೆ ಆಗ ಹತ್ತಿರಲಿಲ್ಲ. ಆ ವರ್ಷ ಮಗಳ ರೂಮಿಗೆ ಹೋಗಿ ಬರುವ ನೆಪ ಸಿಕ್ಕಿತೆಂದು ನನ್ನ ಜೊತೆ ಹೊರಟರು. ಸಂತೆಯ ಜನ ನೋಡಿ ಸೀರೆಯ ಸೆರಗು ಬಿಗಿದುಕೊಂಡರು. ನನ್ನ ಕೈ ಬಿಡದೆ ನಡೆದರು. ಆಧುನಿಕ ಚಿತ್ರಗಳ ಕಡೆ ನೋಡಲೇ ಇಲ್ಲ. ಚನ್ನಪಟ್ಟಣದ ಬೊಂಬೆಯ ಹತ್ತಿರ ಒಂದು ಗಳಿಗೆ ನಿಂತರು. ಆಮೇಲೆ ಇದ್ದಕ್ಕಿದ್ದಂತೆ ನನ್ನ ಕೈ ಬಿಟ್ಟು ಮುಂದೆ ಹೋದರು.

ಒಬ್ಬ ಹುಡುಗಿ, ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸು, ಹಸೆ ಚಿತ್ತಾರ ಬರೆದ ಬಟ್ಟೆಗಳನ್ನು ಹಗ್ಗಕ್ಕೆ ತೂಗುಹಾಕಿಕೊಂಡು ಕೂತಿದ್ದಳು. ಕೆಂಪು ನೆಲದ ಮೇಲೆ ಬಿಳಿ ಎಳೆಗಳು. ಚೌಕದೊಳಗೆ ಚೌಕ, ಅದರೊಳಗೆ ಮದುಮಕ್ಕಳು, ಸುತ್ತ ತೇರಿನ ಸಾಲು. ಸಾಗರ, ಸೊರಬದ ಕಡೆ ದೀವರ ಹೆಂಗಸರು ಮದುವೆ ಮನೆಯ ಗೋಡೆಗೆ ಬರೆಯುತ್ತಿದ್ದ ಚಿತ್ತಾರ ಇದು. ಅಕ್ಕಿ ನೆನೆಸಿ ಅರೆದರೆ ಬಿಳಿ, ಅದೇ ಅಕ್ಕಿ ಕರಿದಾಗುವಂತೆ ಹುರಿದರೆ ಕಪ್ಪು, ಗುರಿಗೆ ಬೀಜದ ಹಳದಿ, ನೆಲದ್ದೇ ಕೆಮ್ಮಣ್ಣು. ಕುಂಚವೆಂದರೆ ಪುಂಡಿಯ ನಾರು. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಟ್ಟೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ನಾನು ಎಂದಿನಂತೆ "ಎಷ್ಟಮ್ಮಾ?" ಎನ್ನುವಷ್ಟರಲ್ಲಿ ಅತ್ತೆ ಕೇಳಿದರು:

"ಎಷ್ಟ್ ದಿನ ಹಿಡೀತು ಮಗಾ?"

ಹುಡುಗಿ ತಲೆ ಎತ್ತಿದಳು. ಬೆಳಿಗ್ಗೆಯಿಂದ ನೂರು ಜನ ಬೆಲೆ ಕೇಳಿದ್ದರು, ಇದನ್ನು ಕೇಳಿದವರಿರಲಿಲ್ಲ ಎಂದು ಆಮೇಲೆ ಹೇಳಿದಳು. "ಹನ್ನೊಂದು ದಿನ ಅಜ್ಜಿ" ಎಂದಳು.

"ನಾರಲ್ಲಿ ಬರ್ದಿದ್ದಾ?"

"ಅಂಚು ನಾರಲ್ಲಿ ಅಜ್ಜಿ. ಒಳಗಿಂದು ಬ್ರಶ್ಶು."

"ಅದಕ್ಕೇ. ಅಂಚಿನ ಎಳೆಗೆ ಜೀವ ಐತೆ, ಒಳಗಿಂದು ಸ್ವಲ್ಪ ದಪ್ಪ ಆತು. ಯಾರು ಕಲಿಸಿದ್ರು?"

ಹುಡುಗಿ ತನ್ನ ಅಜ್ಜಿ ಎಂದಳು. ಊರಿನ ಹೆಸರು ಹೇಳಿದಳು. ಅತ್ತೆಗೆ ಆ ಊರಿನಲ್ಲಿ ನೆಂಟರಿದ್ದರು, ಯಾರ ಮನೆಗೆ ಯಾವ ವರ್ಷ ಹಸೆ ಬರೆಯಲು ಹೋಗಿದ್ದೆ ಎಂದೆಲ್ಲ ಮಾತು ಬೆಳೆಯಿತು. ಮದುವೆಯಾಗಿ ಮೂವತ್ತು ವರ್ಷವಾಗುತ್ತ ಬಂದರೂ, ನಮ್ಮ ಅತ್ತೆ ಹೀಗೆ ಕರೆಸಿಕೊಂಡು ಹೋಗಿ ಗೋಡೆ ಬರೆಯುತ್ತಿದ್ದವರು ಎಂದು ನಾನು ಕೇಳಿದ್ದು ಅಂದೇ, ಬೆಂಗಳೂರಿನ ರಸ್ತೆಯ ನಡುವೆ ನಿಂತು. "ಏನು ಕೊಡ್ತಿದ್ರು ಅಜ್ಜಿ?" ಎಂದು ಹುಡುಗಿ ಕೇಳಿದಳು. "ಎಲೆ ಅಡಿಕೆ, ಒಂದು ಕಾಯಿ, ರವಿಕೆ ಕಣ. ಊಟ ಅಂತೂ ಇದ್ದೇ ಇತ್ತು" ಎಂದರು ಅತ್ತೆ. ಹೇಳುವಾಗ ಬೇಸರವೇನೂ ಇರಲಿಲ್ಲ. ಆಮೇಲೆ ಬಟ್ಟೆಯ ಬೆಲೆ ಕೇಳಿದರು. ಎರಡು ಸಾವಿರದ ಇನ್ನೂರು. ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. "ದಿನಕ್ಕೆ ಇನ್ನೂರಾತು. ಅಡಿಕೆ ಸುಲಿಯಕ್ಕೆ ಹೋದ್ರೂ ಇದಕ್ಕಿಂತ ಜಾಸ್ತಿ ಸಿಗ್ತದಲ್ಲ ಮಗಾ!"

ನನ್ನ ಡಬ್ಬಿಯ ದುಡ್ಡು ಎರಡು ಸಾವಿರ ಇತ್ತು. ಬೇರೆ ದಿನವಾಗಿದ್ದರೆ ಎರಡು ಸಾವಿರಕ್ಕೆ ಕೊಡು ಎನ್ನುವುದು ಸಹಜವೇ, ಹುಡುಗಿಯೂ ಕೊಡುತ್ತಿದ್ದಳೋ ಏನೋ. ನನ್ನ ಬಾಯಿಂದ ಆ ಮಾತು ಬರುವ ಮೊದಲೇ ಅತ್ತೆ ಸೊಂಟದ ಎಲೆ ಅಡಿಕೆ ಸಂಚಿ ಬಿಚ್ಚಿ, ನಾಲ್ಕಾಗಿ ಮಡಚಿದ ನೂರರ ಎರಡು ನೋಟು ತೆಗೆದು ನನ್ನ ಕೈಗಿಟ್ಟರು. ಏನೂ ಹೇಳಲಿಲ್ಲ. ಹುಡುಗಿ ಬಟ್ಟೆಯನ್ನು ಸುರುಳಿ ಸುತ್ತಿ ಕೊಡುವಾಗ "ನಿಮ್ಮ ಕೈಲಿ ಒಂದು ಎಳೆ ಬರೆಸ್ಕೋಬೇಕಿತ್ತು ಅಜ್ಜಿ" ಎಂದಳು. ಅತ್ತೆ ಕೈ ಮುಂದೆ ಚಾಚಿ ತೋರಿಸಿದರು. ಬೆರಳು ಸಣ್ಣಗೆ ನಡುಗುತ್ತಿದ್ದವು. "ಇದು ಈಗ ಎಲೆಗೆ ಸುಣ್ಣ ಹಚ್ಚಕ್ಕೆ ಮಾತ್ರ" ಎಂದು ನಕ್ಕರು.

ಊರಿಗೆ ಬಂದ ಮೇಲೆ ನಮ್ಮ ಗೋಡೆಗೊಂದು ಚಿತ್ತಾರ ಬರೆದುಕೊಡಿ ಎಂದು ನಾನೂ ಕೇಳಿದೆ. ಅವರು ನಡುಮನೆಯ ಗೋಡೆಯನ್ನು ಬೆರಳಿನಿಂದ ತಟ್ಟಿ, "ಈ ಡಿಸ್ಟೆಂಪರ್ ಮೇಲೆ ಕೆಮ್ಮಣ್ಣು ನಿಲ್ತದಾ?" ಎಂದು ಕೇಳಿ ಒಳಗೆ ಹೋದರು. ಅಲ್ಲಿಗೆ ಆ ಮಾತು ಮುಗಿಯಿತು ಎಂದುಕೊಂಡೆ.

ಎರಡು ತಿಂಗಳಲ್ಲಿ ಕೊರೊನಾ ಬಂತು, ಬಾಗಿಲುಗಳೆಲ್ಲ ಮುಚ್ಚಿದವು. ಮದುವೆಗಳು ನಿಂತವು. ಮದುವೆ ನಿಂತರೆ ರೇಷ್ಮೆ ಸೀರೆ ಇಲ್ಲ, ಸೀರೆ ಇಲ್ಲದಿದ್ದರೆ ಕುಚ್ಚು ಇಲ್ಲ. ಸಾಸಿವೆ ಡಬ್ಬಿಯಲ್ಲಿ ಸಾಸಿವೆಯೇ ಉಳಿಯಿತು. ಆ ವರ್ಷ ಭೂಮಿ ಹುಣ್ಣಿಮೆ ಹತ್ತಿರ ಬಂದಾಗ ಅತ್ತೆ ಒಂದು ಬಿದಿರು ಬುಟ್ಟಿ ತರಿಸಿದರು. ಅವರ ಕಡೆ ಆ ಹಬ್ಬಕ್ಕೆ ಹೆಂಗಸರು ಬುಟ್ಟಿಗೆ ಚಿತ್ತಾರ ಬರೆದು, ಅದರಲ್ಲಿ ಅಡುಗೆ ತುಂಬಿಸಿ, ಬಸುರಿ ಭೂಮಿಗೆ ಬಯಕೆಯ ಊಟವೆಂದು ಗದ್ದೆಗೆ ಕಳಿಸುತ್ತಾರೆ. ಭೂಮಣ್ಣಿ ಬುಟ್ಟಿ ಎನ್ನುತ್ತಾರೆ. ಬುಟ್ಟಿಗೆ ಸಗಣಿ ಸಾರಿಸಿ ಒಣಗಿಸಿದರು, ಕೆಮ್ಮಣ್ಣು ಬಳಿದರು. ಪುಂಡಿ ನಾರಿಗೆ ಎಲ್ಲಿ ಹೋಗುವುದು? ಅಕ್ಕಿಯ ಗೋಣಿಚೀಲದ ಎಳೆ ಬಿಡಿಸಿ, ತುದಿ ಜಜ್ಜಿ ಕುಂಚ ಮಾಡಿದರು. ಬಲಗೈ ನಡುಗದಂತೆ ಎಡಗೈಯಿಂದ ಮಣಿಕಟ್ಟು ಒತ್ತಿ ಹಿಡಿದು ಎಳೆ ಎಳೆದರು. ಹೊತ್ತಿಗೆ ನಾಲ್ಕೈದು ಎಳೆ, ಆಮೇಲೆ ವಿಶ್ರಾಂತಿ. ನಾನು ಅಡುಗೆಮನೆಯಿಂದ ಇಣುಕಿ ನೋಡುತ್ತಿದ್ದೆ. ಒಂಬತ್ತು ದಿನ ಹಿಡಿಯಿತು. ನಮಗೆ ಗದ್ದೆ ಎಲ್ಲಿದೆ? ಹಿತ್ತಲಿನ ಕರಿಬೇವಿನ ಬುಡದಲ್ಲಿ ಎಡೆ ಇಟ್ಟರು.

2021ರ ಚಿತ್ರಸಂತೆ ಮೊಬೈಲಿನೊಳಗೆ ನಡೆಯಿತು. ಮಗಳು ತೋರಿಸಿದಳು, ನೋಡಿದೆ. ಬಣ್ಣಗಳೇನೋ ಇದ್ದವು, ಬರೆದವರು ಸ್ಟೂಲಿನ ಮೇಲೆ ಕೂತಿರಲಿಲ್ಲ. 2022ರಲ್ಲಿ ಜನವರಿಯಲ್ಲಾಗದೆ ಮಾರ್ಚಿನಲ್ಲಿ ಸಂತೆ ಸೇರಿತು. ಅತ್ತೆ ಬರುವ ಸ್ಥಿತಿಯಲ್ಲಿರಲಿಲ್ಲ. ಬಿರುಬಿಸಿಲಿನಲ್ಲಿ ರಸ್ತೆಯ ಈ ತುದಿಯಿಂದ ಆ ತುದಿಗೆ ಹುಡುಕಿದೆ, ಆ ಹುಡುಗಿ ಕಾಣಿಸಲಿಲ್ಲ. ಆದರೆ ಕಂಡವರನ್ನೆಲ್ಲ ಅತ್ತೆಯ ಪ್ರಶ್ನೆಯನ್ನೇ ಕೇಳುತ್ತ ಹೋದೆ. ಜಲವರ್ಣದವರು "ಬರೆದದ್ದು ಎರಡು ಗಂಟೆ, ಕಲಿತದ್ದು ಇಪ್ಪತ್ತು ವರ್ಷ" ಎಂದರು. ಮಸಿಯಲ್ಲಿ ಮುಖ ಬರೆದುಕೊಡುವ ಹುಡುಗ "ನೀವು ಅಲ್ಲಾಡದಿದ್ದರೆ ಹತ್ತು ನಿಮಿಷ" ಎಂದ. ಬೆಲೆ ಕೇಳಿದರೆ ಒಂದು ಅಂಕಿ ಮಾತ್ರ ಸಿಗುತ್ತದೆ. ದಿನ ಕೇಳಿದರೆ ಕಥೆಯೇ ಬಿಚ್ಚಿಕೊಳ್ಳುತ್ತದೆ. ಅದನ್ನು ಕೇಳಿದ ಮೇಲೂ ಚೌಕಾಸಿ ಮಾಡಬೇಕೆನಿಸಿದರೆ ಮಾಡಬಹುದು. ನನಗಂತೂ ನಾಲಿಗೆ ಏಳುವುದಿಲ್ಲ. ಕೈಯಲ್ಲಿದ್ದಷ್ಟಕ್ಕೆ ಸಿಗುವ ಸಣ್ಣ ಚಿತ್ರ ಕೊಳ್ಳುತ್ತೇನೆ, ಇಲ್ಲವೇ ನಮಸ್ಕಾರ ಹೇಳಿ ಮುಂದೆ ಹೋಗುತ್ತೇನೆ.

ಅದೇ ಪ್ರಶ್ನೆಯನ್ನು ಮನೆಗೂ ತಂದೆ. ಕುಚ್ಚಿನ ಸೀರೆ ಕೊಡುವಾಗ ಈಗ ಮೊದಲೇ ಹೇಳುತ್ತೇನೆ, "ಇದಕ್ಕೆ ಹದಿನಾಲ್ಕು ಗಂಟೆ ಹಿಡಿಯಿತು" ಎಂದು. ಹಾಗೆಂದು ಎಲ್ಲರೂ ಬದಲಾದರು ಎಂದುಕೊಳ್ಳಬೇಡಿ. ಇಬ್ಬರು ಮತ್ತೆ ಬರಲೇ ಇಲ್ಲ. ಕೆಲವರು ಮರುಮಾತಿಲ್ಲದೆ ಕೊಟ್ಟರು. ಉಳಿದವರು ಎಂದಿನಂತೆ ಐವತ್ತು ರೂಪಾಯಿ ಕಡಿಮೆ ಮಾಡಿಸಿಕೊಂಡೇ ಹೋಗುತ್ತಾರೆ. ಆದರೆ "ಮನೇಲೇ ಕೂತು ಮಾಡ್ತೀರಲ್ಲ" ಎನ್ನುವ ಮಾತು ನನ್ನ ಜಗುಲಿಯಲ್ಲಿ ಕಡಿಮೆಯಾಗಿದೆ. ಅಷ್ಟೇ ಲಾಭ. ಅದು ಕಡಿಮೆಯೇನಲ್ಲ.

ಅತ್ತೆ 2023ರಲ್ಲಿ ತೀರಿಕೊಂಡರು. ಅವರ ಫೋಟೋದ ಪಕ್ಕದಲ್ಲಿ ಆ ಹುಡುಗಿಯ ಚಿತ್ತಾರ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ಬುಟ್ಟಿ ಕಪಾಟಿನ ಮೇಲಿದೆ. ಒಮ್ಮೆ ಸೀರೆ ಕೊಡಲು ಬಂದವರೊಬ್ಬರು ಅದನ್ನು ನೋಡಿ, ತಮ್ಮ ಹೊಸ ಮನೆಗೆ ಬೇಕೆಂದು, ಹೇಳಿದಷ್ಟು ಕೊಡುತ್ತೇನೆಂದರು. ಕೊಡಲಿಲ್ಲ. ಹುಡುಗಿಯ ಬಟ್ಟೆಗೆ ಬೆಲೆಯಿತ್ತು, ಇರಲೇಬೇಕು. ಅವಳು ಅದರಿಂದ ಊಟ ಮಾಡಬೇಕಾದವಳು. ಬುಟ್ಟಿಯನ್ನು ಅತ್ತೆ ಮಾರುವುದಕ್ಕೆ ಬರೆದದ್ದಲ್ಲ, ಭೂಮಿಗೆ ಉಣಿಸಲು ಬರೆದದ್ದು. ಎರಡೂ ಒಂದೇ ಕೈಯ ವಿದ್ಯೆ. ಒಂದನ್ನು ಮಾರಿದರೆ ತಪ್ಪಿಲ್ಲ, ಇನ್ನೊಂದನ್ನು ಮಾರದಿದ್ದರೆ ನಷ್ಟವಿಲ್ಲ.

ನಿಮಗೂ ಜನವರಿಯಲ್ಲಿ ಒಂದು ಭಾನುವಾರ ಬಿಡುವಾದರೆ ಹೋಗಿ ಬನ್ನಿ. ತುಮಕೂರಿನ ಕಡೆಯವರಾದರೆ ಮಾದಾವರದಲ್ಲೇ ಮೆಟ್ರೊ ಹತ್ತಿ, ಸಂಪಿಗೆ ರಸ್ತೆಯ ನಿಲ್ದಾಣದಲ್ಲಿ ಇಳಿದು, ಶೇಷಾದ್ರಿಪುರದ ಕಡೆಯಿಂದ ನಡೆದುಹೋಗಬಹುದು. ಹ್ಞಾ, ಹಳೆಯ ಚಪ್ಪಲಿ ಹಾಕಿಕೊಳ್ಳಿ, ಹೊಸದು ಕಚ್ಚುತ್ತದೆ. ಕುಡಿಯುವ ನೀರು, ಒಂದು ಛತ್ರಿ ಇರಲಿ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು, ಹನ್ನೊಂದರ ಮೇಲೆ ಜನರ ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಕೊಳ್ಳಲೇಬೇಕೆಂಬ ನಿಯಮವಿಲ್ಲ. ಆದರೆ ಯಾವುದಾದರೂ ಒಂದು ಚಿತ್ರದ ಮುಂದೆ ನಿಂತು, ಪಕ್ಕದಲ್ಲಿ ಕೂತವರನ್ನು ಎಷ್ಟು ದಿನ ಹಿಡಿಯಿತು ಎಂದು ಕೇಳಿ ನೋಡಿ. ಹಾಗೆ ಕೇಳಿ ಮನೆಗೆ ಬಂದ ಮೇಲೆ, ಒಳಗೆ ನಿಮ್ಮ ಅತ್ತೆಯೋ ಅಮ್ಮನೋ ಇದ್ದರೆ ಅವರನ್ನೂ ಒಂದು ಮಾತು ಕೇಳಿ, ಹಿಂದೆ ಅವರು ಏನು ಮಾಡುತ್ತಿದ್ದರು ಎಂದು. ನನಗಂತೂ ಅದು ಗೊತ್ತಾಗಲು ಮೂವತ್ತು ವರ್ಷ ಬೇಕಾಯಿತು, ಬೆಂಗಳೂರಿನ ತನಕ ಹೋಗಬೇಕಾಯಿತು.